ಕಾರಿನೊಳಗಿನ ಹಲ್ಲಿ

ಮಾರುತಿ 800 ಕಾರಿಗೆ ಕಂಪನಿಯವರು ಕೊಟ್ಟದ್ದು ಮೂರು ಸಿಲಿಂಡರು, 796 ಸಿಸಿ, ನಲವತ್ತರ ಆಸುಪಾಸಿನ ಅಶ್ವಶಕ್ತಿ. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂದಾಗಿನಿಂದ 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಲಕ್ಷಾಂತರ ಸಂಸಾರಗಳು ಇಷ್ಟರಲ್ಲೇ ತೃಪ್ತಿಪಟ್ಟು ಧರ್ಮಸ್ಥಳಕ್ಕೂ ತಿರುಪತಿಗೂ ಹೋಗಿಬಂದವು. ಹಿಂದಿನ ಸೀಟಿನಲ್ಲಿ ನಾಲ್ವರು, ತೊಡೆಯ ಮೇಲೊಂದು ಕೂಸು, ಡಿಕ್ಕಿಯಲ್ಲಿ ಚಕ್ಕುಲಿ ಡಬ್ಬ. ಯಾರೂ ದೂರಲಿಲ್ಲ. ದೂರುವುದಕ್ಕೆ ಒಬ್ಬ ಬೇಕಾಗಿದ್ದ. ಅವನು ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಮನೆಯಲ್ಲೇ, ನನ್ನ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಿದ್ದ.

ನನ್ನದು ಕಾರ್ಬ್ಯುರೇಟರ್ ಕಾಲದ ಗಾಡಿ. ಚಾಮುಂಡಿ ಬೆಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಅದು ಏದುಸಿರು ಬಿಡುವುದು ನನಗೆ ಅವಮಾನವೆನಿಸುತ್ತಿತ್ತು. ಒಳಗೆ ಐದು ಜನ ಕೂತಿದ್ದಾರೆ, ಐವರಲ್ಲಿ ಒಬ್ಬ ಎರಡಾಳಿನ ತೂಕದವನು, ಆ ಒಬ್ಬನೇ ಸ್ಟಿಯರಿಂಗ್ ಹಿಡಿದಿದ್ದಾನೆ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ, ದೋಷ ಎಂಜಿನ್ನಿನದೇ ಎಂದು ತೀರ್ಪು ಕೊಟ್ಟೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಲ್ಲಿನ ಒಂದು ಅಂಗಡಿಯಲ್ಲಿ ಎಂಜಿನ್ನಿಗೆ ಹೆಡರ್ಸ್ ಹಾಕಿಸಿ, ಹಿಂದುಗಡೆ ಫ್ರೀ ಫ್ಲೋ ಸೈಲೆನ್ಸರ್ ಕಟ್ಟಿಸಿಕೊಂಡು ಬಂದೆ.

ಹೆಡರ್ಸ್ ಅಂದರೇನು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಆದರೂ ಎಲ್ಲರಿಗೂ ಹೇಳಿದೆ. ಎಂಜಿನ್ನಿನೊಳಗೆ ಉರಿದ ಹೊಗೆ ಹೊರಬರುವ ಬಾಗಿಲಿಗೆ ಕಂಪನಿಯವರು ಎರಕದ ಕಬ್ಬಿಣದ ದಪ್ಪ ಮ್ಯಾನಿಫೋಲ್ಡ್ ಕೂರಿಸಿರುತ್ತಾರೆ. ಅದನ್ನು ಕಿತ್ತು, ಮೂರು ಸಿಲಿಂಡರಿಗೆ ಮೂರು ಕೊಳವೆ ಬಗ್ಗಿಸಿ, ಕೆಳಗೆ ಒಂದಕ್ಕೆ ಸೇರಿಸಿ ವೆಲ್ಡ್ ಮಾಡಿದ್ದೇ ಹೆಡರ್ಸ್. ಒಂದರ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರದೆ ಸಲೀಸಾಗಿ ಹೋದರೆ ಎಂಜಿನ್ನಿನ ಭಾರ ಇಳಿದು, ಬಲ ಒಂದಿಷ್ಟು ಏರುತ್ತದೆ. ನಮ್ಮ ಕಾರಿನಲ್ಲಿ ಎಷ್ಟು ಏರಿತೋ ಗೊತ್ತಾಗಲಿಲ್ಲ. ಬೆಟ್ಟವನ್ನು ಮೊದಲಿನಷ್ಟೇ ಹೊತ್ತಿನಲ್ಲಿ ಹತ್ತಿದೆವು. ಆದರೆ ಹತ್ತುತ್ತಿದ್ದೇವೆ ಎಂಬ ಸುದ್ದಿ ನಮಗಿಂತ ಮೊದಲು ಮೇಲೆ ತಲುಪುತ್ತಿತ್ತು.

ನನ್ನವಳು ಹೆಚ್ಚು ಮಾತಾಡಲಿಲ್ಲ. ಪೇಪರಿನಲ್ಲಿ ಬಂದ ಒಂದು ಫೋಟೋ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯ ಮೇಲೆ ಸಾಲಾಗಿ ಮಲಗಿಸಿ, ಮೇಲೆ ರೋಡ್‌ರೋಲರ್ ಹತ್ತಿಸುತ್ತಿರುವ ಚಿತ್ರ.

“ಎಡಗಡೆಯಿಂದ ಮೂರನೇದು ನಿಮ್ಮದೇ ಥರ ಇದೆ ನೋಡ್ರೀ.”

“ಅದು ಬುಲೆಟ್ಟಿಂದು ಕಣೇ.”

“ರೋಲರ್‌ಗೆ ಅಷ್ಟೆಲ್ಲ ವ್ಯತ್ಯಾಸ ಗೊತ್ತಾಗತ್ತಾ?”

ಕಾನೂನೂ ಅವಳ ಕಡೆಗೇ ಇತ್ತು. ನೋಂದಣಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. ಇದನ್ನು ಓದಿ ನಾನು ತಕ್ಷಣ ಕ್ರಮ ಕೈಗೊಂಡೆ: ಸಂಚಾರಿ ಪೊಲೀಸರು ನಿಲ್ಲುವ ಸರ್ಕಲ್ಲುಗಳಲ್ಲಿ ಆಕ್ಸಿಲರೇಟರ್ ಒತ್ತುವುದನ್ನು ಬಿಟ್ಟೆ.

ಹೀಗಿರುವಾಗ ಧನುರ್ಮಾಸ ಬಂತು. ಆ ತಿಂಗಳು ಅಮ್ಮನಿಗೆ ಸೂರ್ಯ ಹುಟ್ಟುವ ಮೊದಲೇ ದೇವಸ್ಥಾನ ಸೇರಬೇಕು, ಪ್ರಸಾದದ ಹುಗ್ಗಿ ಬಿಸಿಯಿರುವಾಗಲೇ ದೊನ್ನೆಗೆ ಬೀಳಬೇಕು. ಕರೆದೊಯ್ಯುವ ಪುಣ್ಯ ನನ್ನದು. ಮಂಜು ಬಿದ್ದ ಆ ಕತ್ತಲಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಬಾನೆಟ್ಟಿನೊಳಗಿಂದ ಹೊಸದೊಂದು ಸದ್ದು: ಟಿಕ್ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಅದೂ ಅವಸರ ಮಾಡುತ್ತಿತ್ತು, ಬಿಟ್ಟರೆ ನಿಧಾನವಾಗುತ್ತಿತ್ತು.

“ಹಲ್ಲಿ ಲೊಚಗುಟ್ಟಿದ ಹಾಗಿದೆಯಲ್ಲೋ,” ಅಂದರು ಅಮ್ಮ.

“ಏನಿಲ್ಲಮ್ಮ. ಎಂಜಿನ್ ಗುಂಡುಕಲ್ಲು.”

ಟಿಕ್ ಟಿಕ್, ಅಂದಿತು ಕಾರು. ಆಡಿದ ಮಾತಿನ ಹಿಂದೆಯೇ ಹಲ್ಲಿ ನುಡಿದರೆ ಮಾತು ನಿಜ ಎಂಬುದು ನಮ್ಮ ಮನೆಯ ನಂಬಿಕೆ. ಅಮ್ಮ ಬೆರಳಿನಿಂದ ಡ್ಯಾಶ್‌ಬೋರ್ಡ್ ಕುಟ್ಟಿ “ಕೃಷ್ಣ ಕೃಷ್ಣ” ಅಂದರು. ನನಗೂ ಧೈರ್ಯ ಬಂತು. ಮುಂದೆ ನಾನು ಆ ಕಾರಿನಲ್ಲಿ ಕೂತು ಏನೇ ಹೇಳಿದರೂ ಅದು ಒಪ್ಪಿಗೆ ಕೊಡುತ್ತಲೇ ಬಂತು. ನಮ್ಮ ಮನೆಯಲ್ಲಿ ಅಂಥ ಸೌಲಭ್ಯ ನನಗೆ ಅದುವರೆಗೆ ಇರಲಿಲ್ಲ.

ಆದರೆ ಸದ್ದು ನಿಲ್ಲಲಿಲ್ಲ, ಹಾಗಾಗಿ ತನಿಖೆ ಅನಿವಾರ್ಯವಾಯಿತು. ಎಂಜಿನ್ನಿನಲ್ಲಿ ಟಿಕ್ ಅನ್ನುವ ಯೋಗ್ಯತೆ ಇರುವವರು ಹಲವರು. ವಾಲ್ವುಗಳನ್ನು ತಟ್ಟಿ ತೆರೆಯುವ ಟ್ಯಾಪೆಟ್ಟುಗಳು ಸಡಿಲವಾದರೆ ಟಿಕ್. ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಪಂಪು ಕ್ಯಾಮ್‌ಶಾಫ್ಟಿನಿಂದ ನಡೆಯುವುದರಿಂದ ಅದೂ ಟಿಕ್. ಪ್ಲಗ್ ವೈರಿನ ರಬ್ಬರು ಬಿರಿದು ಕಿಡಿ ಹೊರಗೆ ಹಾರಿದರೆ ಟಿಕ್. ಸವೆದ ಪಿಸ್ಟನ್ ತಣ್ಣಗಿರುವಾಗ ಸಿಲಿಂಡರಿನ ಗೋಡೆಗೆ ಬಡಿದರೆ ಒಂದು ಬಗೆಯ ಟಕ್. ಕೊನೆಯದಾಗಿ, ಹೊಗೆ ಹೊರಬರುವ ಕೊಳವೆಯ ಕೀಲಿನಲ್ಲಿ ಸಂದು ಬಿಟ್ಟಿದ್ದರೆ ಅಲ್ಲಿಂದ ಒತ್ತಡ ಚಿಮ್ಮಿದಾಗಲೆಲ್ಲ ಟಿಕ್. ಇವುಗಳಲ್ಲಿ ಮೊದಲ ನಾಲ್ಕನ್ನು ಜೋಡಿಸಿದವರು ಕಂಪನಿಯವರು, ಐದನೆಯದನ್ನು ಜೋಡಿಸಿದವನು ನಾನು. ಆದ್ದರಿಂದ ತನಿಖೆಯನ್ನು ಮೊದಲ ನಾಲ್ಕಕ್ಕೆ ಸೀಮಿತಗೊಳಿಸಿದೆ.

ಮೊದಲು ಎಣ್ಣೆ. ಎಣ್ಣೆ ಕಡಿಮೆಯಾದರೆ ಟ್ಯಾಪೆಟ್ಟುಗಳು ಒಣಗಿ ಸದ್ದು ಮಾಡುತ್ತವೆ ಎಂಬುದು ಚಿಕ್ಕ ಹುಡುಗನಿಗೂ ಗೊತ್ತು. ಡಿಪ್‌ಸ್ಟಿಕ್ ಎಳೆದು ಒರೆಸಿ ನೋಡಿದರೆ ಎಣ್ಣೆ ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿತ್ತು. ಇದರಿಂದ ನಿರಾಶನಾಗದೆ ಇದ್ದ ಎಣ್ಣೆ ಇಳಿಸಿ, ಇನ್ನೂ ಗಟ್ಟಿಯ 20ಡಬ್ಲ್ಯು-50 ಎಣ್ಣೆ ಹಾಕಿದೆ, ಮೇಲೊಂದು ಸೀಸೆ ಔಷಧವನ್ನೂ ಸುರಿದೆ. ಗಟ್ಟಿ ಎಣ್ಣೆ ಚಳಿಯಲ್ಲಿ ಕೆಳಗಿನಿಂದ ಎಂಜಿನ್ನಿನ ತಲೆಗೆ ಏರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಹೀಗಾಗಿ ಮರುದಿನ ಬೆಳಿಗ್ಗೆ ಹಳೆಯ ಟಿಕ್ಕಿನ ಜೊತೆಗೆ ಮೊದಲ ಕೆಲವು ಕ್ಷಣ ಹೊಸದೊಂದು ಟಕಟಕವೂ ಕೇಳಿತು. ಅದು ಔಷಧ ಕೆಲಸ ಮಾಡುತ್ತಿರುವ ಲಕ್ಷಣ ಎಂದು ಮನೆಯವರಿಗೆ ವಿವರಿಸಿದೆ.

ಪಕ್ಕದ ಮನೆಯವರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಕಾಂಪೌಂಡಿನ ಮೇಲಿಂದಲೇ ಕೇಳಿಸಿಕೊಂಡು, “ಎಂಜಿನ್ ಮೌಂಟಿಂಗ್ ನೋಡಿ. ಯಾವುದಕ್ಕೇ ಆಗಲಿ ಪಾಯ ಮುಖ್ಯ,” ಅಂದರು. ಅವರ ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟಿರುವ ವಿಷಯವನ್ನು ನಾನು ಎತ್ತಲಿಲ್ಲ.

ಆಮೇಲೆ ಗಣಿತ. ಮಗ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾನೆ. ಸದ್ದನ್ನು ಮೊಬೈಲಿನಲ್ಲಿ ಹಿಡಿದು ನಿಧಾನಗೊಳಿಸಿ ಎಣಿಸಿದ. ಸೆಕೆಂಡಿಗೆ ಏಳೆಂಟು ಟಿಕ್ಕು. ನಾನು ಊಟದ ಮೇಜಿನ ಮೇಲೆಯೇ ಲೆಕ್ಕ ಹಾಕಿದೆ. ಎಂಜಿನ್ ನಿಂತಲ್ಲೇ ಓಡುವಾಗ ನಿಮಿಷಕ್ಕೆ 900 ಸುತ್ತು, ಅಂದರೆ ಸೆಕೆಂಡಿಗೆ 15. ಕ್ಯಾಮ್‌ಶಾಫ್ಟ್ ತಿರುಗುವುದು ಅದರ ಅರ್ಧ ವೇಗದಲ್ಲಿ, ಅಂದರೆ ಏಳೂವರೆ. ಏಳೆಂಟು ಅಂದರೆ ಏಳೂವರೆಯೇ!

“ಕ್ಯಾಮ್‌ಶಾಫ್ಟ್ ಲೆಕ್ಕಕ್ಕೆ ಸರಿಹೊಂದಿತು. ಹಾಗಾದರೆ ಟ್ಯಾಪೆಟ್ಟೇ!” ಎಂದು ಮೇಜು ಗುದ್ದಿದೆ. ಸಾರಿನ ಪಾತ್ರೆ ಅಲುಗಾಡಿತು.

ಮಗ ತಲೆಯೆತ್ತದೆ ಕೇಳಿದ: “ಅಪ್ಪ, ಒಂದೊಂದು ಸಿಲಿಂಡರ್ ಹೊಗೆ ಬಿಡೋದೂ ಎರಡು ಸುತ್ತಿಗೆ ಒಂದೇ ಸಲ ಅಲ್ವಾ? ಅಲ್ಲೇನಾದ್ರೂ ಸೋರ್ತಿದ್ರೆ ಅದಕ್ಕೂ ಏಳೂವರೇನೇ ಬರತ್ತಲ್ಲ?”

“ಅನ್ನ ಕಲಸಿಕೊಂಡು ಊಟ ಮಾಡು,” ಅಂದೆ. ಈಗಿನ ಮಕ್ಕಳಿಗೆ ಊಟದ ಮೇಲೆ ಗಮನವೇ ಇಲ್ಲ.

ಕಿಡಿಯ ಪರೀಕ್ಷೆ ಕತ್ತಲಲ್ಲಿ ಆಗಬೇಕು. ಕರೆಂಟು ಹೋಗುವ ರಾತ್ರಿಗಾಗಿ ಕಾದೆ. ಅದಕ್ಕೆ ಬಹಳ ಕಾಯಬೇಕಾಗಲಿಲ್ಲ. ಬಾನೆಟ್ ಎತ್ತಿ, ಎಂಜಿನ್ ಓಡಿಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ತುಂತುರು ಬಿಟ್ಟರೆ, ಸೋರುವ ವೈರಿನಿಂದ ನೀಲಿ ಕಿಡಿ ಹಾರುವುದು ಕಾಣುತ್ತದೆ. ಮನೆಮಂದಿಯನ್ನೆಲ್ಲ ಬಾನೆಟ್ಟಿನ ಸುತ್ತ ನಿಲ್ಲಿಸಿದೆ. ಎದುರುಮನೆಯ ಕಿಟಕಿಯಿಂದ ಟಾರ್ಚ್ ಬೆಳಕು ಬಿತ್ತು.

“ಯಾರ್ರೀ ಅದು?”

“ನಾವೇ ಸಾರ್.”

“ಕತ್ತಲಲ್ಲಿ ಏನ್ ಹುಡುಕ್ತಿದೀರಾ?”

“ಕಿಡಿ ಸಾರ್.”

ಕಿಟಕಿ ಮುಚ್ಚಿಕೊಂಡಿತು, ಅಗುಳಿ ಹಾಕಿದ ಸದ್ದೂ ಕೇಳಿಸಿತು. ಕಿಡಿ ಮಾತ್ರ ಕಾಣಲಿಲ್ಲ. ಎಂಜಿನ್ನಿನಲ್ಲಿ ಇಲ್ಲದ ಕಿಡಿ ನನ್ನವಳ ಕಣ್ಣಲ್ಲಿತ್ತು. ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಗಿತ್ತು.

ಮುಂದಿನ ಹಂತ ಸ್ಕ್ರೂಡ್ರೈವರ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರೆ ಒಳಗಿನ ಸದ್ದು ನೇರವಾಗಿ ತಲೆಗೆ ಬರುತ್ತದೆ. ಲೋಹ ಲೋಹಕ್ಕೆ ತಾಗುವ ಸದ್ದಿಗೆ ಸ್ಕ್ರೂಡ್ರೈವರ್, ಗಾಳಿ ಸೋರುವ ಸದ್ದಿಗೆ ರಬ್ಬರ್ ಪೈಪು: ಇದು ಗ್ಯಾರೇಜುಗಳ ಹಳೆಯ ಶಾಸ್ತ್ರ, ಸುಳ್ಳಲ್ಲ. ತೊಂದರೆ ಏನೆಂದರೆ, ಸ್ಕ್ರೂಡ್ರೈವರ್ ಇಟ್ಟು ಕೇಳಿದರೆ ಆರೋಗ್ಯವಂತ ಎಂಜಿನ್ನಿನಲ್ಲೂ ಎಲ್ಲ ಕಡೆಯೂ ಏನಾದರೊಂದು ಟಿಕ್ ಅನ್ನುತ್ತಲೇ ಇರುತ್ತದೆ. ಪಂಪಿನ ಮೇಲಿಟ್ಟೆ, ಪಂಪು ಹಾಳು ಅನ್ನಿಸಿತು. ವಾಲ್ವ್ ಕವರಿನ ಮೇಲಿಟ್ಟೆ, ಟ್ಯಾಪೆಟ್ ಹಾಳು ಅನ್ನಿಸಿತು. ಆ ಹೊತ್ತಿಗೆ ಎಂಜಿನ್ ಕಾದು ರೇಡಿಯೇಟರ್ ಫ್ಯಾನು ಭರ್ರನೆ ತಾನಾಗಿಯೇ ತಿರುಗಲು ಶುರುಮಾಡಿತು. ನಾನು ಹಾರಿದೆ, ಬಾನೆಟ್ ಇದ್ದಲ್ಲೇ ಇತ್ತು. ಅಂದಿನಿಂದ ಎರಡು ದಿನ ಕಾರು ಆಫ್ ಆಗಿದ್ದರೂ ನನಗೆ ಟಿಕ್ ಟಿಕ್ ಕೇಳಿಸುತ್ತಿತ್ತು.

ಇನ್ನು ಪೈಪು. ಗಿಡಗಳಿಗೆ ನೀರು ಬಿಡುವ ಪೈಪಿನಿಂದ ಒಂದು ಮಾರು ಕತ್ತರಿಸಿಕೊಂಡೆ. ಈ ವಿಷಯ ಹೊರಬಿದ್ದದ್ದು, ನನ್ನವಳು ಕೊನೆಯ ದಾಸವಾಳದ ಗಿಡದವರೆಗೆ ಪೈಪು ಎಳೆಯಲು ಹೋಗಿ ಅದು ಎಟುಕದಿದ್ದಾಗ. ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಎಂಜಿನ್ನಿನ ಸುತ್ತ ಆಡಿಸಿದರೆ, ಹೆಡರ್ಸ್ ಹತ್ತಿರ ಬಂದಾಗ ಸದ್ದು ಕಿವಿ ಹರಿಯುವಷ್ಟು ಜೋರಾಯಿತು. ಬಹಳ ಯೋಚಿಸಿ, ಇದು ಟ್ಯಾಪೆಟ್ಟಿನ ಪ್ರತಿಧ್ವನಿ ಎಂಬ ನಿರ್ಣಯಕ್ಕೆ ಬಂದೆ.

ಸರಿ, ಗ್ಯಾರೇಜು. ನಮ್ಮ ಕಾರಿಗೆ ಹುಟ್ಟಿದಾಗಿನಿಂದಲೂ ಒಬ್ಬರೇ ಮೆಕ್ಯಾನಿಕ್ಕು. ಊರಿನ ಆ ತುದಿಯಲ್ಲಿದ್ದಾರೆ, ಎಲ್ಲರೂ ಭಾಯಿ ಅನ್ನುತ್ತಾರೆ. ಅಲ್ಲಿ ತಲುಪುವ ಹೊತ್ತಿಗೆ ಕಾರು ಮಹಾಮೌನಿ. ಭಾಯಿ ಕಿವಿಗೊಟ್ಟು ನಿಂತು, “ಎಲ್ಲಿ ಸಾರ್ ಸೌಂಡು?” ಅಂದರು. “ಬೆಳಿಗ್ಗೆ ಇತ್ತು,” ಅಂದೆ. ಡಾಕ್ಟರರ ಮುಂದೆ ಕೂತಾಗ ಕೆಮ್ಮು ನಿಂತುಹೋಗುವುದು ನನಗೆ ಹೊಸದೇನಲ್ಲ. “ಅದೇನೂ ಬೇಡ. ಟ್ಯಾಪೆಟ್ ಸೆಟ್ಟಿಂಗ್ ಮಾಡಿ,” ಎಂದು ಚೀಟಿಯನ್ನೂ ನಾನೇ ಬರೆದುಕೊಟ್ಟೆ.

ಭಾಯಿ ಎಂಜಿನ್ ತಣ್ಣಗಾಗಲು ಬಿಟ್ಟು, ಕವರ್ ತೆಗೆದು, ಆರು ವಾಲ್ವುಗಳ ಸಂದಿಗೂ ಒಂದೊಂದಾಗಿ ಫೀಲರ್ ಗೇಜಿನ ತೆಳ್ಳನೆಯ ಎಲೆ ತೂರಿಸಿ ನೋಡಿದರು. ಸಂದು ಸರಿಯಾಗಿಯೇ ಇತ್ತು. ಆದರೂ ನನ್ನ ಸಮಾಧಾನಕ್ಕೆ ನಟ್ಟುಗಳನ್ನು ಬಿಚ್ಚಿ ಮತ್ತೆ ಕೂರಿಸಿದರು. ಮರುದಿನ ಬೆಳಿಗ್ಗೆ ಟಿಕ್ ಟಿಕ್. ಮತ್ತೆ ಹೋಗಿ, ಇನ್ನೂ ಬಿಗಿ ಮಾಡಿ ಎಂದು ಹಟ ಹಿಡಿದೆ.

“ಬೇಡ ಸಾರ್. ಸಂದು ಇಲ್ಲದಂಗೆ ಬಿಗಿ ಮಾಡಿದ್ರೆ ಸೌಂಡೇನೋ ಹೋಗತ್ತೆ. ಆದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಒಳಗೊಳಗೇ ಸುಟ್ಟೋಗತ್ತೆ. ಸೌಂಡ್ ಮಾಡೋ ಟ್ಯಾಪೆಟ್ಟು ಪರವಾಗಿಲ್ಲ ಸಾರ್. ಸೌಂಡೇ ಮಾಡದೆ ಇರೋದಕ್ಕೆ ಹೆದರಬೇಕು.”

ಪಕ್ಕದಲ್ಲೇ ಇದ್ದ ನನ್ನವಳು ಈ ಮಾತನ್ನು ಬಹಳ ಮೆಚ್ಚಿಕೊಂಡಳು. ಮನೆಗೆ ಬರುವವರೆಗೂ ಅವಳು ಒಂದು ಮಾತೂ ಆಡಲಿಲ್ಲ. ಹೆದರಬೇಕಾದ್ದು ಯಾವುದಕ್ಕೆ ಎಂದು ನನಗೆ ಚೆನ್ನಾಗಿ ಅರ್ಥವಾಯಿತು.

ಮುಂದಿನ ಸಲ ಹೋದಾಗ ಅಮ್ಮನೂ ಹಿಂದಿನ ಸೀಟಿನಲ್ಲಿದ್ದರು, ಹಲ್ಲಿನ ಡಾಕ್ಟರರ ಹತ್ತಿರ ಹೋಗುವುದಿತ್ತು. ಭಾಯಿ ಕೇಳಿದರು: “ಸೌಂಡು ಯಾವಾಗ ನಿಲ್ಲತ್ತೆ ಸಾರ್?” ಯಾವಾಗ ಶುರುವಾಗುತ್ತದೆ, ಎಷ್ಟು ವೇಗದಲ್ಲಿ ಬರುತ್ತದೆ ಎಂಬುದಕ್ಕೆಲ್ಲ ನನ್ನ ಹತ್ತಿರ ಒಂದು ನೋಟ್‌ಬುಕ್ಕೇ ಇತ್ತು. ನಿಲ್ಲುವುದನ್ನು ಗಮನಿಸಿರಲಿಲ್ಲ, ಆ ಹೊತ್ತಿಗೆ ನಾನು ಅಮ್ಮನಿಗೆ ಎಂಜಿನ್ ವಿಷಯ ವಿವರಿಸುವುದರಲ್ಲಿ ಮುಳುಗಿರುತ್ತಿದ್ದೆ.

ಹಿಂದಿನಿಂದ ಅಮ್ಮ ಹೇಳಿದರು: “ಮನೆ ಬಿಟ್ಟ ತಕ್ಷಣ ವಿಷ್ಣು ಸಹಸ್ರನಾಮ ಶುರು ಮಾಡ್ತೀನಪ್ಪ. ಇನ್ನೂರು ನಾಮ ಆಗೋ ಹೊತ್ತಿಗೆ ನಿಂತೋಗತ್ತೆ. ಚಳಿ ಜಾಸ್ತಿ ಇದ್ದ ದಿನ ಮುನ್ನೂರು. ವಾಪಸ್ ಬರೋವಾಗ ಇರೋದೇ ಇಲ್ಲ.”

ಭಾಯಿ ನನ್ನ ಮೇಲಿದ್ದ ದೃಷ್ಟಿಯನ್ನು ತೆಗೆದು, ಹಿಂದಿನ ಕಿಟಕಿಯ ಹತ್ತಿರ ಹೋಗಿ ನಿಂತರು. “ದಿಣ್ಣೆ ಹತ್ತೋವಾಗ ಜಾಸ್ತಿ ಆಗತ್ತಾ ಅಮ್ಮ?”

“ಆಗತ್ತೆ. ಅಲ್ಲೇ ನಂಗೆ ನಾಮ ತಪ್ಪೋದು.”

“ಎಡಗಡೆನಾ ಬಲಗಡೆನಾ?”

ಅಲ್ಲಿಂದ ಮುಂದೆ ಮಾತುಕತೆ ಅವರಿಬ್ಬರದೇ. ನಾನು ನೋಟ್‌ಬುಕ್ ಹಿಡಿದು ನಿಂತಿದ್ದೆ. ಮಾತು ಮುಗಿದ ಮೇಲೆ ಭಾಯಿ, “ನಾಳೆ ಬೆಳಿಗ್ಗೆ ಗಾಡಿ ಮುಟ್ಟಬೇಡಿ. ನಾನೇ ಬರ್ತೀನಿ,” ಅಂದರು. ಹೇಳಿದ್ದು ಅಮ್ಮನಿಗೆ.

ಮರುದಿನ ಭಾಯಿ ಬಂದು ನನ್ನವಳ ಹತ್ತಿರ ಎರಡು ಸಾಮಾನು ಕೇಳಿದರು: ಒಂದು ದಪ್ಪ ಹಳೇ ಬಟ್ಟೆ, ಒಂದು ಊದುಬತ್ತಿ. ಮೈಸೂರಿನ ಮನೆಯಲ್ಲಿ ಊದುಬತ್ತಿಗೇನು ಬರ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ, ಹಿಂದಿನ ಸೈಲೆನ್ಸರಿನ ಬಾಯಿಗೆ ಮಗನ ಕೈಯಿಂದ ಬಟ್ಟೆ ಒತ್ತಿಹಿಡಿಸಿದರು. ಹೊರಹೋಗುವ ದಾರಿ ಕಟ್ಟಿದ್ದರಿಂದ ಒತ್ತಡ ಹಿಂದಕ್ಕೆ ಬಂತು, ಟಿಕ್ ಟಿಕ್ ದುಪ್ಪಟ್ಟು ಜೋರಾಯಿತು. ಟ್ಯಾಪೆಟ್ಟಿನದಾಗಿದ್ದರೆ ಅದಕ್ಕೆ ಹಿಂದಿನ ಬಟ್ಟೆಯ ಗೊಡವೆಯೇ ಇರುತ್ತಿರಲಿಲ್ಲ. ಆಮೇಲೆ ಊದುಬತ್ತಿಯನ್ನು ಕಾರ್ಬ್ಯುರೇಟರಿನಿಂದ ದೂರವೇ ಹಿಡಿದು, ಹೆಡರ್ಸ್ ಎಂಜಿನ್ನಿಗೆ ಕೂಡುವ ಪಟ್ಟಿಯ ಉದ್ದಕ್ಕೂ ಸರಿಸುತ್ತ ಹೋದರು. ಮೊದಲ ಸಿಲಿಂಡರಿನ ಹತ್ತಿರ ಹೊಗೆ ನೆಟ್ಟಗೆ ಏರಿತು. ಎರಡನೆಯದರ ಹತ್ತಿರ ಬಂದೊಡನೆ ಟಿಕ್ಕಿಗೊಮ್ಮೆ ಪಕ್ಕಕ್ಕೆ ಹಾರತೊಡಗಿತು. ಕೊನೆಗೆ ಇಕ್ಕಳದಿಂದ ಎರಡನೇ ಪ್ಲಗ್ಗಿನ ವೈರು ಕಿತ್ತರು. ಎರಡೇ ಸಿಲಿಂಡರಿನಲ್ಲಿ ಕಾರು ಮೈಯೆಲ್ಲ ನಡುಗಿತು, ಟಿಕ್ ನಿಂತಿತು. ವೈರು ಹಾಕಿದರು, ಬಂತು. ಎಂಜಿನ್ ಆರಿಸಿ ಟಾರ್ಚ್ ಬಿಟ್ಟು ತೋರಿಸಿದರು: ಕೀಲಿನ ಪಕ್ಕದಲ್ಲಿ ಹೆಬ್ಬೆರಳಗಲ ಕಪ್ಪು ಮಸಿ.

ಕಾರಣ ಸರಳ. ಹೆಡರ್ಸಿನ ಪಟ್ಟಿ ತೆಳು, ಕಾದು ಆರಿ ಕಾದು ಆರಿ ಸ್ವಲ್ಪ ಸೊಟ್ಟಗಾಗಿತ್ತು. ನಟ್ಟು ಸಡಿಲವಾಗಿತ್ತು, ಗ್ಯಾಸ್ಕೆಟ್ ಸುಟ್ಟಿತ್ತು. ತಣ್ಣಗಿರುವಾಗ ಸಂದು ತೆರೆದಿರುತ್ತಿತ್ತು. ಇನ್ನೂರು ನಾಮದ ಹೊತ್ತಿಗೆ ಲೋಹ ಕಾದು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತಿತ್ತು. ಮಗ ನನ್ನ ಕಡೆ ನೋಡಿ, “ಏಳೂವರೆ,” ಅಂದ. ಅಷ್ಟೇ ಅಂದ.

“ಕಂಪನಿ ಮ್ಯಾನಿಫೋಲ್ಡ್ ಇದ್ರೆ ಕೊಡಿ ಸಾರ್. ವಾಪಸ್ ಕೂರಿಸಿಬಿಡೋಣ, ಜನ್ಮದಲ್ಲಿ ತೊಂದ್ರೆ ಬರಲ್ಲ,” ಅಂದರು ಭಾಯಿ. ಇದ್ದರೆ ತಾನೆ? ಅಟ್ಟದ ಮೇಲಿಟ್ಟಿದ್ದ ಅದನ್ನು ನನ್ನವಳು ದೀಪಾವಳಿಯ ಮುಂಚೆ ಗುಜರಿಯವನಿಗೆ ತೂಕಕ್ಕೆ ಹಾಕಿದ್ದಳು. “ಒಳ್ಳೇ ತೂಕ ಬಂತು ರೀ,” ಅಂದಳು. ನಾನು ಎಂಥಾ ಗಟ್ಟಿ ಸಾಮಾನನ್ನು ಕಿತ್ತು ಹಾಕಿದೆ ಎಂಬುದಕ್ಕೆ ಅದಕ್ಕಿಂತ ಖಚಿತವಾದ ಪ್ರಮಾಣಪತ್ರ ಬೇಕಿರಲಿಲ್ಲ.

ಪಟ್ಟಿಯನ್ನು ಬಿಚ್ಚಿ, ಲೇತಿನವರ ಹತ್ತಿರ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಒಂದೇ ಸಮ ಬಿಗಿದರು. ಕೆಲವು ದಿನ ಓಡಿಸಿದ ಮೇಲೆ ತಣ್ಣಗಿರುವಾಗ ಇನ್ನೊಮ್ಮೆ ಬಿಗಿಯಬೇಕು ಎಂದೂ ಹೇಳಿದರು. ನಾನು ಸುರಿದ ಎಣ್ಣೆ ಮತ್ತು ಔಷಧದ ಬೆಲೆಯ ಮುಂದೆ ಗ್ಯಾಸ್ಕೆಟ್ಟಿನ ಬೆಲೆ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಇಲ್ಲದಿದ್ದರೂ ನನ್ನವಳು ಅದನ್ನು ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಒಂದು ಮಾತು ಮಾತ್ರ ನಗುವಂಥದ್ದಲ್ಲ: ಎಂಜಿನ್ ಹತ್ತಿರ ಹೊಗೆ ಸೋರುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಕ್ಕೂ ನುಗ್ಗಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಿಟಕಿ ಮುಚ್ಚಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಟಿಕ್ ಟಿಕ್ ಕೇಳಬಾರದೆಂದು ಟೇಪ್‌ರೆಕಾರ್ಡರಿನ ಸದ್ದು ಏರಿಸುವುದು ಚಿಕಿತ್ಸೆಯಲ್ಲ.

ಆದ್ದರಿಂದ ಗಾಡಿಗೆ ಶೃಂಗಾರ ಮಾಡಿಸಿರುವ ಸಮಸ್ತ ಮಹನೀಯರಲ್ಲಿ ವಿನಂತಿ. ಹೊಸ ಸದ್ದು ಬಂದರೆ ಮೊದಲು ಎಣ್ಣೆಯ ಗೆರೆ ನೋಡಿ. ಸದ್ದು ತಣ್ಣಗಿರುವಾಗ ಬರುತ್ತದೋ ಬಿಸಿಯಾದಾಗಲೋ, ಏರಿನಲ್ಲಿ ಜಾಸ್ತಿಯೋ ಇಳಿಜಾರಿನಲ್ಲೋ ಎಂದು ಗಮನಿಸಿ. ನಿಮಗೆ ಗಮನಿಸಲು ಪುರುಸೊತ್ತಿಲ್ಲದಿದ್ದರೆ ಹಿಂದಿನ ಸೀಟಿನವರನ್ನು ಕೇಳಿ. ಮೆಕ್ಯಾನಿಕ್ಕಿಗೆ ಗಾಡಿಯನ್ನು ತಣ್ಣಗಿರುವಾಗಲೇ ತೋರಿಸಿ, ರೋಗದ ಹೆಸರನ್ನು ನೀವೇ ಬರೆದುಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಗೆ ಬದಲಿಸಿದ್ದು ಯಾವುದೋ ಅದನ್ನು ಮೊದಲು ಪರೀಕ್ಷಿಸಿ. ಬದಲಿಸಿದವನು ಮನೆಯ ಯಜಮಾನನೇ ಆಗಿದ್ದರೆ, ದಯವಿಟ್ಟು ಅವನನ್ನು ಕೇಳದೆ ಪರೀಕ್ಷಿಸಿ.